ಶ್ರಾವಣದಲ್ಲಿ ತವರಿಗೆ ಬಂದವರು

ಇಷ್ಟು ವರ್ಷ ಈ ದೇಹವನ್ನು ಬಸ್ಸಿನ ಮೆಟ್ಟಿಲು ಹತ್ತಿಸಿ ಇಳಿಸಿ ಕಾಪಾಡಿದ ಶ್ರೀಹರಿಗೆ ಮೊದಲ ನಮಸ್ಕಾರ. ಹೆಣ್ಣುಮಗುವೆಂದು ಹಿಂದಕ್ಕೆ ಸರಿಸದೆ, ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನನ್ನೂ ಕೂರಿಸಿಕೊಂಡು ಸಂಸ್ಕೃತವನ್ನೂ ಪಂಚಾಂಗ ನೋಡುವುದನ್ನೂ ಕಲಿಸಿದ ತಂದೆಯವರಿಗೆ ನಮಸ್ಕಾರ. ದಾಟಿದಾಗಲೆಲ್ಲ ಕೈಮುಗಿಸಿಕೊಂಡ ಕಾಗಿಣಾ ನದಿಗೆ ನಮಸ್ಕಾರ. ಬಾಗಿಲಲ್ಲಿ ನಿಂತ ಅಪರಿಚಿತಳನ್ನು ಒಳಗೆ ಕರೆದು, ಒಂದು ಚೆಂಬು ನೀರು ಕೊಟ್ಟು, ಹೆತ್ತ ತಾಯಿಯ ಮುಂದೆಯೂ ಆಡದ ಮಾತನ್ನು ನನ್ನ ಮುಂದೆ ಆಡಿದ ಹೆಣ್ಣುಮಕ್ಕಳೆಲ್ಲರಿಗೂ ನಮಸ್ಕಾರ.

ಹೀಗೆ ಎಲ್ಲರನ್ನೂ ನೆನೆದು ಬರೆಯಲು ಕುಳಿತರೂ ಮನಸ್ಸು ಕುಳಿತುಕೊಳ್ಳುವುದಿಲ್ಲ. ನಿವೃತ್ತಿಯಾದ ಮೇಲೆ ಜಪಕ್ಕೆ ಬೇಕಾದಷ್ಟು ಹೊತ್ತು ಸಿಗುವುದೆಂದು ಆಸೆಪಟ್ಟಿದ್ದೆ. ಹೊತ್ತೇನೋ ಸಿಕ್ಕಿದೆ. ಆದರೆ ಮಣಿ ಬೆರಳಲ್ಲಿ ನಿಂತಿರುತ್ತದೆ, ಮನಸ್ಸು ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ಅಡ್ಡಾಡುತ್ತಿರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವ ನಿಮಗೆ ಒಂದಿಷ್ಟು ಹೇಳಿದರೆ ಅದು ತುಸು ತಣ್ಣಗಾದೀತೆಂದು ಬರೆಯುತ್ತಿದ್ದೇನೆ.

ನನ್ನ ಕೆಲಸವೇನೆಂಬುದನ್ನು ಮೊದಲು ಹೇಳಬೇಕು. ಕುಟುಂಬ ಯೋಜನೆಯ ವಿಷಯದಲ್ಲಿ ನಮ್ಮ ದೇಶ ಲೋಕದೆದುರು ಕೆಲವು ಮಾತು ಕೊಟ್ಟಿದೆ. ಬಯಸಿದ ಹೆಣ್ಣುಮಗಳಿಗೆ, ಬಯಸಿದ ವೇಳೆಗೆ, ಅವಳೇ ಆರಿಸಿಕೊಂಡ ವಿಧಾನ ಸಿಗಬೇಕು. ಒತ್ತಾಯ ಇರಕೂಡದು. ಅವಳ ಒಪ್ಪಿಗೆಯಿಲ್ಲದೆ ಅವಳ ಸಂಗತಿ ಇನ್ನೊಬ್ಬರ ಕಿವಿಗೆ ಬೀಳಕೂಡದು. ದೆಹಲಿಯಲ್ಲಿ ಕೊಟ್ಟ ಆ ಮಾತು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಎಷ್ಟರಮಟ್ಟಿಗೆ ನಡೆದಿದೆಯೆಂದು ಆರೋಗ್ಯ ಕೇಂದ್ರ ಕೇಂದ್ರಕ್ಕೂ ಹೋಗಿ ನೋಡಿ, ಮನೆಗಳಲ್ಲಿ ಕೇಳಿ, ಮೇಲಕ್ಕೆ ಬರೆಯುವ ಮೇಲ್ವಿಚಾರಕಿ ನಾನು. ಔಷಧ ಕೊಡುವ ಅಥವಾ ಕೊಡಿಸುವ ಅಧಿಕಾರ ನನಗಿರಲಿಲ್ಲ. ನೋಡುವುದಷ್ಟೇ ನನ್ನ ಪಾಲಿನದು.

ನಾನು ನೌಕರಿಗೆ ಸೇರಿದ ಕಾಲದಲ್ಲಿ ಪ್ರತಿಯೊಬ್ಬ ನರ್ಸಿಗೂ ಇಷ್ಟು ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂಬ ಗುರಿ ಇತ್ತು. ಮಾರ್ಚ್ ತಿಂಗಳು ಬಂತೆಂದರೆ ನರ್ಸನ್ನು ಕಂಡ ಹೆಂಗಸರು ಓಣಿ ಬದಲಿಸಿ ನಡೆಯುತ್ತಿದ್ದರು. ಆಮೇಲೆ ಗುರಿ ಹೋಯಿತು, ಆಯ್ಕೆ ಬಂತು. ಮಾತ್ರೆ, ಗರ್ಭಕೋಶದಲ್ಲಿಡುವ ವಂಕಿಗಳ ಜೊತೆಗೆ ಮೂರು ತಿಂಗಳಿಗೊಮ್ಮೆ ಹಾಕುವ ಚುಚ್ಚುಮದ್ದು ಬಂತು. ಕಾಗದ ಹಿಂದೆ ಸರಿದು ಮೊಬೈಲ್ ಮುಂದೆ ಬಂತು. ಈಗ ಕೇಂದ್ರದ ಸ್ಥಿತಿ ಪರದೆಯ ಮೇಲೆ ಬಣ್ಣವಾಗಿ ಕಾಣುತ್ತದೆ: ಔಷಧ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಹಸಿರು ಕಂಡ ಅಧಿಕಾರಿಗಳು ಚಹಾ ತರಿಸುತ್ತಾರೆ.

ಹಸಿರಿನ ಮೇಲೆ ನನಗೆ ಮೊದಲು ಅನುಮಾನ ಹುಟ್ಟಿದ್ದು ಶಹಾಬಾದದಲ್ಲಿ. ಅಲ್ಲಿನ ಒಂದು ಕೇಂದ್ರದ ಬಾಗಿಲಿಗೆ ಉಚಿತ ನಿರೋಧದ ಪೆಟ್ಟಿಗೆ ಹಾಕಿದ್ದರು. ಪೆಟ್ಟಿಗೆ ಸದಾ ತುಂಬಿರುತ್ತಿತ್ತು, ಆದ್ದರಿಂದ ‘ಸದಾ ಲಭ್ಯ’ ಎಂದು ನಾನೇ ಬರೆದು ಕಳಿಸುತ್ತಿದ್ದೆ. ಒಂದು ದಿನ ಬಸ್ಸು ತಪ್ಪಿ ಎದುರಿನ ಚಹಾದ ಹೋಟೆಲಿನ ಬಾಕಿನ ಮೇಲೆ ಕುಳಿತಿದ್ದಾಗ ತಿಳಿಯಿತು, ಅಲ್ಲಿ ಕುಳಿತ ಅರ್ಧ ಊರಿನ ಕಣ್ಣು ನೇರ ಆ ಪೆಟ್ಟಿಗೆಯ ಮೇಲಿತ್ತು. ಕಲ್ಲಿನ ಗಣಿಯಿಂದ ಬಂದ ಒಬ್ಬಾತ ಕೈ ಚಾಚಿದ್ದೇ ತಡ, ಹೋಟೆಲಿನಿಂದ ಒಬ್ಬ ಕೂಗಿದ: “ಏ ಮಾವಾ, ನಾ ಏನೂ ನೋಡಿಲ್ಲ ನೋಡು, ಬೇಫಿಕರ್ ತಗೋ!” ಆ ಮನುಷ್ಯ ಚಾಚಿದ ಕೈಯಿಂದ ಗೋಡೆಯ ಜಾಹೀರಾತು ಸವರಿ, ಅದನ್ನೇ ಓದುವವನಂತೆ ನಿಂತು ಹೊರಟುಹೋದ. ಪೆಟ್ಟಿಗೆಯನ್ನು ಹಿಂಭಾಗಕ್ಕೆ, ಸೈಕಲ್ ನಿಲ್ಲಿಸುವ ಕಡೆಗೆ ಹಾಕಿಸಿದೆವು. ಅಲ್ಲಿಂದ ಅದು ಖಾಲಿಯಾಗತೊಡಗಿತು.

ಇನ್ನು ಆ ಗುರುವಾರದ ಸಂಗತಿ. ಇಂದಿಗೂ ನನ್ನ ನಿದ್ದೆಯನ್ನು ಅಲುಗಾಡಿಸುವುದು ಅದು.

ಶ್ರಾವಣ ಮುಗಿಯುತ್ತ ಬಂದಿತ್ತು. ಮರುದಿನ ಕೇಂದ್ರ ಸರ್ಕಾರದ ಪರಿಶೀಲನಾ ತಂಡ ಚಿಂಚೋಳಿ ತಾಲೂಕಿಗೆ ಬರುವುದಿತ್ತು. ಎಲ್ಲ ಸರಿಯಿದೆಯೇ ಎಂದು ನೋಡಲು ನಾನು ಒಂದು ದಿನ ಮೊದಲೇ ಸುಲೇಪೇಟದಲ್ಲಿ ಬಸ್ಸಿಳಿದು, ಟಂಟಂ ಆಟೋ ಹಿಡಿದು, ಕೊಡ್ಲಿ ಕಡೆಯ ಒಂದು ಹಳ್ಳಿಗೆ ಹೋದೆ. ಹಳ್ಳಿಯ ಹೆಸರು ಬೇಡ, ಯಾರ ಮೇಲೂ ದೂರು ಹೇಳುವ ಉದ್ದೇಶ ನನಗಿಲ್ಲ. ನಾಗರ ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಕೇಂದ್ರದಲ್ಲಿ ಸಿಸ್ಟರ್ ರೇಣುಕಾ ನೆಲ ಒರೆಸಿ, ಗೋಡೆಗೆ ಹೊಸ ಚಿತ್ರಪಟ ಅಂಟಿಸಿ ಕಾಯುತ್ತಿದ್ದರು. ಕಪಾಟಿನಲ್ಲಿ ಚುಚ್ಚುಮದ್ದಿನ ಸೀಸೆಗಳು ಸಾಲಾಗಿ ನಿಂತಿದ್ದವು. ಮೊಬೈಲಿನಲ್ಲಿ ಹಸಿರು.

ಆಗ ಬಾಗಿಲಲ್ಲಿ ಕಂಕುಳಲ್ಲಿ ಕೂಸನ್ನು ಹೊತ್ತ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಮಹಾದೇವಿ ಅವಳ ಹೆಸರು. ಆ ಊರಿನ ನೀಲಮ್ಮನ ಮಗಳು, ವಾಡಿಗೆ ಕೊಟ್ಟವಳು. ಮುಖ ಬಿಳಿಚಿಕೊಂಡಿತ್ತು.

“ಸಿಸ್ಟರ್, ಇವತ್ತರ ಹಾಕ್ರಿ. ಇದು ಮೂರನೇ ಸಲ ಬರಾಕತ್ತೀನಿ.”

“ತಂಗಿ, ನಿಂಗ ಎಷ್ಟು ಸಲ ಹೇಳ್ಲಿ? ನಿನ್ನ ಹೆಸರು ವಾಡಿ ಕಡಿ ಅದ. ಅಲ್ಲೇ ಹಾಕಿಸ್ಕೋ. ಇವು ನನ್ನ ಊರಿನ ಸೊಸ್ತ್ಯಾರಿಗೆ ಬಂದಾವು. ನಿಂಗ ಕೊಟ್ಟು, ನಾಳಿ ಅವರು ಬಂದ್ರ ನನ್ನ ಕೊಳ್ಳಪಟ್ಟಿ ಹಿಡೀತಾರ.”

“ಅಲ್ಲಿ ಆಗಂಗಿಲ್ಲರಿ,” ಎಂದು ಮಹಾದೇವಿ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿದೆ. ಎರಡನೆಯ ಹೆರಿಗೆಯಲ್ಲಿ ರಕ್ತ ಬಹಳ ಹೋಗಿ, ಕಲಬುರಗಿಯಲ್ಲಿ ಬೇರೆಯವರ ರಕ್ತ ಕೊಟ್ಟು ಬದುಕಿಸಿದ್ದರು. ಇನ್ನು ಕೆಲವು ವರ್ಷದೊಳಗೆ ಬಸುರಾದರೆ ಜೀವಕ್ಕೆ ಎರವಾದೀತೆಂದು ವೈದ್ಯರು ಹೇಳಿದ್ದರು. ಎರಡೂ ಹೆಣ್ಣುಮಕ್ಕಳು. ಅತ್ತೆ ಮೊಮ್ಮಗನ ದಾರಿ ಕಾಯುತ್ತಿದ್ದರು. ಅವರಿಗೆ ತಿಳಿಯದಂತೆ, ಗಂಡನ ಒಪ್ಪಿಗೆಯಿಂದ, ಕೂಸಿನ ಲಸಿಕೆಯ ನೆಪ ಹೇಳಿ ಅವಳು ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದಳು. ಈಗ ಕೂಸಿನ ಲಸಿಕೆಗಳು ಸದ್ಯಕ್ಕೆ ಮುಗಿದಿದ್ದವು, ಮನೆಯಿಂದ ಹೊರಬೀಳಲು ನೆಪವಿರಲಿಲ್ಲ. ತವರಿಗೆ ಹೋದಾಗ ಹಾಕಿಸಿಕೊಂಡರಾಯಿತೆಂದು ಧೈರ್ಯವಾಗಿ ಬಂದಿದ್ದಳು. ಹಾಕಬೇಕಾದ ದಿನ ಕಳೆದುಹೋಗಿತ್ತು. ದಿನ ತಪ್ಪಿದರೂ ನಾಲ್ಕು ವಾರ ಅವಕಾಶವುಂಟು. ಅದೂ ಕೊನೆಗೆ ಬಂದಿತ್ತು.

ಅಷ್ಟರಲ್ಲಿ ನೀಲಮ್ಮ ಏದುಸಿರು ಬಿಡುತ್ತ ಬಂದಳು. “ಮಾದೇವಿ, ಜಲ್ದಿ ಬಾ. ನಿಮ್ಮತ್ತಿ ಗಾಡಿ ಮಾಡ್ಕೊಂಡು ಕರ್ಯಾಕ ಬಂದಾಳ. ಇವತ್ತs ಹೊಂಡಬೇಕಂತ.”

ಮಹಾದೇವಿ ನನ್ನ ಕಡೆ ತಿರುಗಿ ಮೆಲ್ಲಗೆ, “ನಾ ಹೋಗಂಗಿಲ್ಲರಿ ಅಕ್ಕೋರ. ಇದು ಹಾಕಿಸ್ಕೊಳ್ದ ನಾ ಗಾಡಿ ಹತ್ತಂಗಿಲ್ಲ,” ಎಂದು ತಾಯಿಯ ಹಿಂದೆ ನಡೆದಳು.

ನಾನು ಒಳಗೆ ಬಂದೆ. ಆ ಸಾಲು ಸೀಸೆಗಳನ್ನು ನೋಡುತ್ತ ಕೇಳಿದೆ, “ರೇಣುಕಾ, ಈ ತಿಂಗಳು ನಿಮ್ಮ ಊರಿನ ಎಷ್ಟು ಸೊಸ್ತ್ಯಾರು ಬಂದು ಹಾಕಿಸ್ಕೊಂಡ್ರು?”

“ಯಾರೂ ಬಂದಿಲ್ಲರಿ ಅಕ್ಕೋರ. ಕರದ್ರೂ ಬರಲಿಲ್ಲ. ನಿಷ್ಕಾಳಜಿ ಮಂದಿ.”

“ಎಲ್ಲಿ ಅದಾರ ಅವರು?”

“ಎಲ್ಲಿರ್ತಾರ, ಪಂಚಮಿಗೆ ತವರಿಗೆ ಹೋಗ್ಯಾರ. ಒಬ್ಬಾಕಿ ಸೇಡಂ, ಒಬ್ಬಾಕಿ ಚಂದ್ರಂಪಳ್ಳಿ ಕಡಿ...”

“ನೀವು ಪಂಚಮಿಗೆ ಎಲ್ಲಿದ್ರಿ?”

“ನಾನೂ ತವರಿಗೆ, ಚಿತ್ತಾಪುರಕ್ಕ...” ಎಂದ ರೇಣುಕಾ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟು ನಿಂತುಬಿಟ್ಟರು.

ನನಗೂ ಆ ಕ್ಷಣದಲ್ಲೇ ಹೊಳೆದದ್ದು. ನಮ್ಮ ಕಡೆ ಶ್ರಾವಣದಲ್ಲಿ ಯಾವ ಊರಿನ ಸೊಸೆಯೂ ಆ ಊರಿನಲ್ಲಿರುವುದಿಲ್ಲ. ಅಣ್ಣತಮ್ಮಂದಿರು ಬಂದು ಕರೆದೊಯ್ಯುತ್ತಾರೆ. ಅದೇ ವೇಳೆಗೆ ಆ ಊರಿನ ಹೆಣ್ಣುಮಕ್ಕಳು ಬೇರೆಡೆಯಿಂದ ಬಂದು ತುಂಬಿಕೊಳ್ಳುತ್ತಾರೆ. ಔಷಧ ಮಾತ್ರ ಹೆಸರಿದ್ದ ಊರಿನಲ್ಲಿ, ಇಲ್ಲದವರಿಗಾಗಿ ಕಾಯುತ್ತ, ಕಪಾಟಿನಲ್ಲಿ ಹಸಿರಾಗಿ ಕುಳಿತಿರುತ್ತದೆ. ಎಲ್ಲ ಕೇಂದ್ರಗಳಲ್ಲೂ ಔಷಧವಿದೆ, ಎಲ್ಲ ಕೇಂದ್ರಗಳಿಂದಲೂ ಹೆಣ್ಣುಮಕ್ಕಳು ತಿರುಗಿ ಹೋಗುತ್ತಿದ್ದಾರೆ. ಇಷ್ಟು ವರ್ಷ ವರದಿ ಬರೆದ ನಾವೆಲ್ಲ ಪಂಚಮಿಯ ಉಂಡಿ ತಿಂದವರೇ. ಅದನ್ನೂ ಇದನ್ನೂ ಒಟ್ಟಿಗೆ ಇಟ್ಟು ಒಬ್ಬರೂ ನೋಡಿರಲಿಲ್ಲ.

“ಹಾಕಿಬಿಡ್ರಿ,” ಎಂದೆ.

“ಮ್ಯಾಲಿನವರ ಹುಕುಂ ಇಲ್ದ ಹ್ಯಾಂಗ್ರಿ? ನಾಳಿ ತಂಡ ಬರ್ತದ. ಲೆಕ್ಕ ಹತ್ತಲಿಲ್ಲಂದ್ರ ನನ್ನ ನೌಕರಿ.” ಅವರ ಭಯವೂ ಸುಳ್ಳಾಗಿರಲಿಲ್ಲ. ಅವರು ಗುತ್ತಿಗೆಯ ಮೇಲಿದ್ದವರು.

ನನ್ನ ಮೇಲಧಿಕಾರಿಗಳಾದ ಸಾಹೇಬರಿಗೆ ಫೋನು ಹಚ್ಚಿದೆ. ಸಭೆಯಲ್ಲಿದ್ದೇನೆಂದು ಕಟ್ ಮಾಡಿದರು. ಮತ್ತೆ ಹಚ್ಚಿದೆ, ಮತ್ತೆ ಕಟ್ ಆಯಿತು. ಕುಳಿತಲ್ಲಿ ಕೂರಲಾಗದೆ ನೀಲಮ್ಮನ ಮನೆಗೆ ನಡೆದೆ.

ಮನೆಯ ಮುಂದೆ ಬಾಡಿಗೆಯ ಕ್ರೂಸರ್ ನಿಂತಿತ್ತು. ಚಾಲಕ ಹಾರ್ನ್ ಹೊಡೆಯುತ್ತಿದ್ದ. ಪಡಸಾಲೆಯಲ್ಲಿ ಹಣೆತುಂಬ ವಿಭೂತಿ ಧರಿಸಿದ ಕಾಶಮ್ಮ, ಅಂದರೆ ಮಹಾದೇವಿಯ ಅತ್ತೆ, ಚಹಾದ ಬಟ್ಟಲನ್ನು ಮುಟ್ಟದೆ ಕುಳಿತಿದ್ದರು. ಮಹಾದೇವಿ ಒಳಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. ಅವಳ ಅಣ್ಣ ಬಸವರಾಜ ಸಿಟ್ಟಿನಿಂದ ಅತ್ತಿಂದಿತ್ತ ತಿರುಗುತ್ತಿದ್ದ.

“ಯಾಕ ಬರಂಗಿಲ್ಲ ಅನ್ನೋದರ ಹೇಳಲಿ,” ಎಂದರು ಕಾಶಮ್ಮ. “ನಾ ಹೊಡದೀನೇನು, ಬಡದೀನೇನು? ಮನ್ಯಾಗ ನನ್ನ ಮಗಳು ಬಾಣಂತಿ ಮಲಗ್ಯಾಳ. ನೆರಿಮನಿಯಾಕಿಗೆ ಅಕೀನ ನೋಡ್ಕೋ ಅಂತ ಕೈಮುಗದು ಬಂದೀನಿ. ನಾಳಿ ಶುಕ್ರವಾರ, ನೀವು ಹೆಣ್ಮಗಳನ್ನ ಕಳಸಂಗಿಲ್ಲ. ಇವತ್ತ ಹೋಗಬೇಕು.”

“ಏ ಮಾದೇವಿ, ಬಾಯಿ ಬಿಡು!” ಎಂದ ಬಸವರಾಜ. “ಅಳಿಯಂದ್ರ ಸಂಗಟ ಜಗಳ ಮಾಡ್ಕೊಂಡಿಯೇನು? ಮಂದಿ ಏನಂತಾರ, ಹಬ್ಬಕ್ಕ ಬಂದ ಹುಡುಗಿ ಕುಂತುಬಿಟ್ಟಳು ಅಂತಾರ. ಅಕ್ಕೋರ, ಮುಂಜಾನೆ ನಿಮ್ಮ ಸಂಗಟ ಮಾತಾಡಿದಳಂತ. ನೀವರ ಹೇಳ್ರಿ.”

ಎಲ್ಲರ ಕಣ್ಣು ನನ್ನ ಮೇಲೆ. ಒಂದು ಮಾತಿನಲ್ಲಿ ಇಡೀ ಗದ್ದಲ ನಿಲ್ಲಿಸಬಹುದಿತ್ತು. ಆದರೆ ಆ ಮಾತು ನನ್ನದಲ್ಲ, ಅವಳದು. ಮಹಾದೇವಿ ನನ್ನನ್ನೇ ನೋಡುತ್ತಿದ್ದಳು, ಕೂಸಿನ ಅಂಗಿಯ ತುದಿ ಬೆರಳಿಗೆ ಸುತ್ತಿಕೊಂಡು.

“ಅಕಿ ಹೇಳಬೇಕಾದ್ದು ಅಕಿ ಹೇಳ್ತಾಳ,” ಎಂದೆ. “ಆದ್ರ ಕಾಶಮ್ಮ, ಈಗ ಹೊಂಡೋದು ಸರಿ ಅಲ್ಲ. ಗುರುವಾರ ಅದ. ಇನ್ನೇನು ರಾಹುಕಾಲ ಹತ್ತತದ. ಮಗಳು ಗಂಡನ ಮನಿಗೆ ಹೊಂಡೋ ಹೊತ್ತು ಅದಲ್ಲ. ಊಟ ಮಾಡ್ರಿ, ಅದು ಇಳದ ಮ್ಯಾಲ ಹೋಗ್ರಿ.”

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುರುವಾರದ ರಾಹುಕಾಲ ಮಧ್ಯಾಹ್ನವೇ. ಆದರೂ ತಂದೆಯವರು ಕಲಿಸಿದ ವಿದ್ಯೆಯನ್ನು ಹೊತ್ತು ತಳ್ಳಲು ಬಳಸಿದೆನಲ್ಲಾ ಎಂದು ಮನಸ್ಸಿನಲ್ಲೇ ಅವರ ಕ್ಷಮೆ ಕೇಳಿದೆ. ಕಾಶಮ್ಮ ಮೇಲೆ ಕೆಳಗೆ ನನ್ನನ್ನು ನೋಡಿ, ಚಾಲಕನಿಗೆ ಹಾರ್ನ್ ನಿಲ್ಲಿಸಲು ಹೇಳಿದರು. ನೀಲಮ್ಮ ರೊಟ್ಟಿ ಬಡಿಯಲು ಕೂತಳು.

ನಾನು ನೀರಿನ ಟಾಕಿಯ ಬಳಿಗೆ ಓಡಿದೆ. ಆ ಊರಿನಲ್ಲಿ ಫೋನು ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಈ ಸಲ ಸಾಹೇಬರು ಎತ್ತಿದರು.

“ಬಾಯಾರ, ನೀವು ನೋಡಾಕ ಹೋಗೀರಿ, ಹಂಚಾಕ ಅಲ್ಲ.”

“ಸಾಹೇಬ್ರ, ನೋಡಿದ್ದನ್ನs ಹೇಳಾಕತ್ತೀನಿ. ಔಷಧ ಅದ, ಹೆಣ್ಮಗಳೂ ಅದಾಳ. ನಡುವ ನಾವು ನಿಂತೀವಿ.”

“ನಾಳಿ ತಂಡ ಬರ್ತದ. ಇವತ್ತ ಲೆಕ್ಕ ಕೆಡಸಬ್ಯಾಡ್ರಿ. ಮುಂದಿನ ವಾರ ಒಂದು ಪತ್ರ ಹೊರಡಸ್ತೀನಿ.”

“ಮುಂದಿನ ವಾರ ಅಕಿ ವಾಡ್ಯಾಗ ಇರ್ತಾಳ್ರಿ. ನಾಳಿ ತಂಡದವರು ನನ್ನ ಕೇಳಿದ್ರ ನಾ ಏನು ಹೇಳ್ಲಿ?”

ಅತ್ತ ಸಾಹೇಬರು ಯಾರಿಗೋ ಬಾಗಿಲು ಮುಚ್ಚಲು ಹೇಳಿದರು. ಆಮೇಲೆ, “ಕೊಡಾಕ ಹೇಳ್ರಿ. ನಾ ಬರದು ಕೊಡಂಗಿಲ್ಲ,” ಎಂದು ಫೋನು ಇಟ್ಟರು.

ಬಾಯಿಮಾತಿಗೆ ರೇಣುಕಾ ಒಪ್ಪಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ. “ನನ್ನ ಮಾತಿನ ಮೇಲೆ ಕೊಡಲಾಗಿದೆ” ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟೆ. ರೇಣುಕಾ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, “ಕರಕೊಂಡು ಬರ್ರಿ,” ಎಂದರು.

ಕೂಸಿನ ತೂಕ ನೋಡಬೇಕೆಂದು ಮಹಾದೇವಿಯನ್ನು ಕರೆದೆ. ಅದೂ ನಿಜವೇ, ತೂಕ ನೋಡುವುದಿತ್ತು. ಆದರೆ ಕಾಶಮ್ಮ ತಟ್ಟನೆ ಎದ್ದು, “ನಾನೂ ಬರ್ತೀನಿ,” ಎಂದು ಕೂಸನ್ನು ಎತ್ತಿಕೊಂಡು ಮುಂದೆಯೇ ನಡೆದುಬಿಟ್ಟರು. ಮಹಾದೇವಿಯ ಕಾಲು ಹಿಂದೆ ಬಿತ್ತು. “ನಡಿಯವ್ವಾ,” ಎಂದೆ.

ಕೇಂದ್ರದಲ್ಲಿ ಕಾಶಮ್ಮ ಮೊಮ್ಮಗಳನ್ನು ತೂಕದ ತೊಟ್ಟಿಲಲ್ಲಿಟ್ಟು, “ಏ, ನೆಟ್ಟಗ ನೋಡ್ರಿ, ಕಾಲು ಹೊರಗ ಬಿದ್ದದ, ತೂಕ ಕಡಿಮಿ ಬರ್ತದ!” ಎಂದು ಕೇಂದ್ರದ ಆಯಾಳೊಂದಿಗೆ ವಾದಕ್ಕಿಳಿದರು. ಆ ವೇಳೆಗೆ ರೇಣುಕಾ ಮಹಾದೇವಿಯನ್ನು ಪರದೆಯ ಹಿಂದೆ ಕರೆದು, ದಿನ ಕೇಳಿ, ಬೇಕೋ ಬೇಡವೋ ಎಂದು ಮತ್ತೊಮ್ಮೆ ಅವಳ ಬಾಯಿಂದಲೇ ಕೇಳಿಕೊಂಡು, ಸೂಜಿ ಹಾಕಿದರು. ಒಂದೆರಡು ನಿಮಿಷದ ಕೆಲಸ. ಅದಕ್ಕೆ ಮೂರು ವಾರ ಹಿಡಿದಿತ್ತು.

ಮಹಾದೇವಿ ಹೊರಬಂದಳು. ಅರಿವಿಲ್ಲದೆ ಸೆರಗಿನ ಮೇಲಿನಿಂದಲೇ ತೋಳು ಉಜ್ಜುತ್ತಿದ್ದಳು. ಕಾಶಮ್ಮ ಕೂಸಿನಿಂದ ಕಣ್ಣೆತ್ತಿ ಅವಳ ತೋಳನ್ನೂ ಕಪಾಟಿನ ಸೀಸೆಗಳನ್ನೂ ನೋಡಿದರು.

“ಕೈ ತಗಿ. ತಿಕ್ಕಬ್ಯಾಡ ಅದನ್ನ. ಈ ಸೂಜಿ ಹಾಕಿದ ಮ್ಯಾಲ ತಿಕ್ಕಬಾರದಂತ. ನನ್ನ ಮಗಳಿಗೆ ಹಾಂಗs ಹೇಳಿದ್ರು.”

ಕಾಶಮ್ಮ ಬಾಕಿನ ಮೇಲೆ ಕುಳಿತರು.

“ನನ್ನ ಮಗಳೂ ಇದನ್ನs ಹಾಕಿಸ್ಕೋತಿದ್ದಳು ಅಕ್ಕೋರ. ಹ್ವಾದ ವರ್ಷ ಪಂಚಮಿಗೆ ನನ್ನ ಕಡಿ ಬಂದಾಕಿ, ಕೇಳಾಕ ಹ್ವಾದಳು. ನಿಮ್ಮ ಊರಾಗ ಹಾಕಿಸ್ಕೋ ಅಂದ್ರಂತ. ಅಲ್ಲಿಗೆ ಹೋಗಿ ಹಾಕಿಸ್ಕೊಳ್ಳೋದ್ರೊಳಗ ಹೊಟ್ಟಿ ನಿಂತಿತ್ತು. ಈಗ ಹಡದು ಮಲಗ್ಯಾಳ, ಮೈಯಾಗ ರಕ್ತ ಇಲ್ಲ, ಎದ್ದು ಕುಂದ್ರಾಕ ಬರಂಗಿಲ್ಲ.” ಸೊಸೆಯ ಕಡೆ ತಿರುಗಿದರು. “ಮೊಮ್ಮಗ ಬೇಕು ಅಂದದ್ದು ಖರೆ. ಅಕಿ ಮಗ್ಗಲಾಗ ನಿನಗೊಂದು ಹಾಸಿಗಿ ಹಾಸ್ತೀನಿ ಅಂತ ಅಂದಿದ್ದೆನೇನು? ಇಷ್ಟು ಮುಚ್ಚಿಟ್ಟಿ ನನ್ನ ಮುಂದ. ನಾ ಏನು ಹುಲಿ ಅದೀನೇನು?”

ಮಹಾದೇವಿ ತಲೆ ತಗ್ಗಿಸಿ, “ಆಗಾಗ ಅದೀರಿ ಅತ್ತಿ,” ಎಂದಳು.

ರೇಣುಕಾ ಮೊದಲು ನಕ್ಕರು. ಆಮೇಲೆ ಕಾಶಮ್ಮನೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಹುಕಾಲ ಇಳಿದ ಮೇಲೆ ಕ್ರೂಸರ್ ಹೊರಟಿತು. ಮಹಾದೇವಿ ತಾನೇ ಮೊದಲು ಹತ್ತಿ, ಅತ್ತೆಗೆ ಕೈ ಕೊಟ್ಟು ಎಳೆದುಕೊಂಡಳು. ಬಸವರಾಜನಿಗೆ ಏನೂ ತಿಳಿಯದೆ, “ಹೆಣ್ಮಕ್ಕಳ ಲೀಲಾ ಶಿವಗs ಗೊತ್ತು,” ಎಂದು ಜೋಕಾಲಿಯ ಹಗ್ಗ ಬಿಚ್ಚಲು ಹೋದ.

ಮರುದಿನ ತಂಡ ಬಂತು. ಹಿರಿಯರೊಬ್ಬರು ಔಷಧದ ಕೊರತೆಯಿದೆಯೇ ಎಂದು ಕೇಳಿದಾಗ ಸಾಹೇಬರು ಕಿಟಕಿಯ ಹೊರಗೆ ನೋಡತೊಡಗಿದರು. ಕೊರತೆಯಿಲ್ಲ, ಇದ್ದೂ ಹೆಣ್ಣುಮಕ್ಕಳು ತಿರುಗಿ ಹೋಗುತ್ತಿದ್ದಾರೆಂದು ಶ್ರಾವಣದ ಸಂಗತಿಯನ್ನೆಲ್ಲ ವಿವರಿಸಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಅವರು ಬರೆದುಕೊಂಡರು. ನನಗೆ ಅಧಿಕಾರವಿಲ್ಲದೆ ಸಹಿ ಮಾಡಿದ್ದೇಕೆಂಬ ನೋಟಿಸು ಬಂತು, ಉತ್ತರ ಕೊಟ್ಟೆ. ಮುಂದಿನ ವರ್ಷ ನಮ್ಮ ಭಾಗದಲ್ಲಿ, ತವರಿಗೆ ಬಂದವರಿಗೂ ಕೊಡಬೇಕೆಂದು ಸಾಹೇಬರೇ ಸಭೆಯಲ್ಲಿ ಹೇಳಿದರು. ಬಾಯಿಯಲ್ಲಿ ಹೇಳಿದರು, ಬರೆದು ಕೊಡಲಿಲ್ಲ. ಸಾಹೇಬರು ವರ್ಗವಾಗಿ ಹೋದ ಮೇಲೆ ಆ ಮಾತು ಯಾರ ನಾಲಿಗೆಯ ಮೇಲಿದೆಯೋ ನಾನರಿಯೆ. ಮೊದಲ ಬಾಣಂತನಕ್ಕೆ ಬಂದವರು, ದೀಪಾವಳಿಗೆ ಬಂದವರು, ತೊಗರಿ ಕೊಯ್ಲಿಗೆ ಬೇರೆ ಊರಿಗೆ ಹೋದವರು ಎಲ್ಲಿ ಕೇಳಬೇಕು, ಯಾರು ಕೊಡಬೇಕು? ಪಂಚಮಿ ಹತ್ತಿರ ಬಂದಾಗ ಇಂದಿಗೂ ಹಳೆಯ ಸಹೋದ್ಯೋಗಿಗಳಿಗೆ ಫೋನು ಹಚ್ಚಿ ಪೀಡಿಸುತ್ತೇನೆ. ಕೆಲವರು ಎತ್ತುತ್ತಾರೆ, ಕೆಲವರು ಎತ್ತುವುದಿಲ್ಲ. ನೀವು ಕೇಂದ್ರಕ್ಕೆ ಹೋದಾಗ ಕಪಾಟು ನೋಡಿ ಬರಬೇಡಿ. ಆ ದಿನ ಯಾರು ಬಂದು ತಿರುಗಿ ಹೋದರೆಂದು ಕೇಳಿ, ಆಮೇಲೆ ಅವರ ಮನೆಗೆ ನಡೆದು ಹೋಗಿ.

ಕೆಲಸ ಕಳೆದೀತೆಂದು ಅಂಜುತ್ತಲೇ ಸೂಜಿ ಹಾಕಿದ ರೇಣುಕಾಗೆ ಭಗವಂತನು ಭದ್ರವಾದ ಕೆಲಸವನ್ನೂ ನಿಶ್ಚಿಂತೆಯ ನಿದ್ದೆಯನ್ನೂ ಕೊಡಲಿ. ಬರೆದು ಕೊಡದಿದ್ದರೂ ಬೇಡವೆನ್ನದ ಸಾಹೇಬರಿಗೆ ಆಯುರಾರೋಗ್ಯವಿರಲಿ. ಅಣ್ಣ ಬಸವರಾಜನ ಮನೆಬಾಗಿಲು ಬರುವ ಹೆಣ್ಣುಮಕ್ಕಳಿಗೆ ಎಂದೂ ತೆರೆದಿರಲಿ. ಕಾಶಮ್ಮನ ಮಗಳ ಮೈಯಲ್ಲಿ ರಕ್ತ ತುಂಬಿ, ಅವಳು ಎದ್ದು ತನ್ನ ಕೂಸನ್ನು ತಾನೇ ಎತ್ತಿಕೊಳ್ಳಲಿ. ಮಹಾದೇವಿ ಬೇಕೆಂದಾಗ ತಾಯಾಗಲಿ, ಬೇಡವೆಂದಾಗ ಬೇಡವಾಗಲಿ. ಇನ್ನು ಈ ದಾರಿಯಲ್ಲಿ ನಡೆಯಲಿರುವ ನಿಮಗೂ ಆ ಶ್ರೀಹರಿಯು ದಣಿಯದ ಕಾಲು ಕೊಡಲಿ, ನನಗೆ ಕೊಟ್ಟ ಈ ಚಡಪಡಿಕೆಯನ್ನೂ ತುಸು ಕೊಡಲಿ.